ಚನಿಯ ಮಾವನ ಫೋನಿನಲ್ಲಿ ಬಿದ್ದ ಎಲೆ

ಠಾಣೆ ಪಕ್ಕದ ಕಳವಾ ಎಂಬ ಊರಿನ ಮಾತೃಛಾಯಾ ಚಾಳಿನ ಜಯಶೀಲನಿಗೆ ಎಡ ಯಾವುದು, ಬಲ ಯಾವುದು ಎಂಬುದು ಮೂವತ್ತನಾಲ್ಕು ವರ್ಷ ತುಂಬಿದ ಮೇಲೂ ತಟ್ಟನೆ ಹೊಳೆಯುತ್ತಿರಲಿಲ್ಲ. ರಿಕ್ಷಾದವನು ‘ಲೆಫ್ಟ್ ಯಾ ರೈಟ್’ ಎಂದು ಕೇಳಿದರೆ ಅವನು ತುತ್ತು ಹಿಡಿದವನಂತೆ ಬೆರಳು ಕೂಡಿಸಿ ನೋಡಿಕೊಳ್ಳುತ್ತಿದ್ದ. ಯಾವ ಕೈ ತಾನಾಗಿ ಬಾಯಿಯ ಕಡೆಗೆ ಏಳುತ್ತದೋ ಅದು ಬಲ. ಅಷ್ಟರಲ್ಲಿ ರಿಕ್ಷಾ ತಿರುವು ದಾಟಿರುತ್ತಿತ್ತು. ಇಂಥವನನ್ನು ನವಿ ಮುಂಬಯಿಯ ಮಹಾಪೆಯ ಒಂದು ಕಂಪನಿ ಎಡವನ್ನು ಬಲ ಮಾಡುವ, ಬಲವನ್ನು ಎಡ ಮಾಡುವ ಕೆಲಸಕ್ಕೇ ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ಲೋಕದಲ್ಲಿ ಅನೇಕ ಕೆಲಸಗಳು ಹೀಗೆಯೇ ಹಂಚಿಹೋಗಿವೆ.

ಕೆಲಸದ ವಿವರ ಇಷ್ಟು. ಗಲ್ಫಿನ ಅಂಗಡಿಗಳಿಗೆ, ಹೋಟೆಲುಗಳಿಗೆ ಈ ಕಂಪನಿ ವೆಬ್‌ಸೈಟ್ ಮಾಡಿಕೊಡುತ್ತಿತ್ತು. ಅರಬ್ಬಿಯನ್ನು ಓದುವುದು ಬಲದಿಂದ ಎಡಕ್ಕೆ. ಆದ್ದರಿಂದ ಅಕ್ಷರದ ಜೊತೆ ಇಡೀ ಪುಟವೂ ಮಗುಚಿಕೊಳ್ಳಬೇಕು: ಎಡಗಡೆಯ ಪಟ್ಟಿ ಬಲಕ್ಕೆ ಹೋಗಬೇಕು, ‘ಮುಂದೆ’ ಎನ್ನುವ ಬಾಣ ಎಡಕ್ಕೆ ಮುಖ ಮಾಡಬೇಕು. ಪುಟವನ್ನು ಕಟ್ಟುವುದು ಸಣ್ಣ ಸಣ್ಣ ಬಿಡಿ ತುಂಡುಗಳಿಂದ. ಒಂದು ಗುಂಡಿ, ಒಂದು ಕಾರ್ಡು, ಒಂದು ಕ್ಯಾಲೆಂಡರು. ಆಫೀಸಿನಲ್ಲಿ ಅವಕ್ಕೆ ಕಾಂಪೊನೆಂಟ್ ಎನ್ನುತ್ತಿದ್ದರು. ಇವುಗಳ ಸ್ವಭಾವ ಚಾಳಿನ ಬಾಡಿಗೆದಾರರದ್ದು. ಪ್ರತಿಯೊಂದೂ ತನ್ನ ಬಾಗಿಲು ಹಾಕಿಕೊಂಡಿರುತ್ತದೆ, ಹೊರಗೆ ಬರೆದ ನಿಯಮ ಒಳಗೆ ನಡೆಯುವುದಿಲ್ಲ. ಹಾಗಾಗಿ ಯಾವುದು ಹೇಗೆ ತಿರುಗಬೇಕೆಂದು ಒಂದೊಂದಕ್ಕೂ ಒಳಗೇ ಹೋಗಿ ಕಲಿಸಬೇಕು. ಅದರಲ್ಲೂ ಎಲ್ಲವೂ ತಿರುಗುವಂತಿಲ್ಲ. ಬಾಣ ತಿರುಗಬೇಕು, ಗಡಿಯಾರ ತಿರುಗಬಾರದು. ಫೋನ್ ನಂಬರ್ ಸತ್ತರೂ ತಿರುಗಬಾರದು. ಪಕ್ಕದ ಮೇಜಿನ ದಿಶಾ ಎಂಬ ಹುಡುಗಿ ‘ತಿರುಗಿಸಬಾರದವು’ ಎಂದು ಏಳು ವಸ್ತುಗಳ ಪಟ್ಟಿ ಬರೆದು ಜಯಶೀಲನ ಕಣ್ಣೆದುರಿಗೆ ಗೋಡೆಗೆ ಅಂಟಿಸಿದ್ದಳು. ಅವನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಚಾಳಿನಲ್ಲಿ ಅವನು ಇದನ್ನು ಬೇರೆ ರೀತಿ ಹೇಳಿಕೊಂಡಿದ್ದ. “ಇಡೀ ಗಲ್ಫ್ ಈಗ ನಾನು ತಿರುಗಿಸಿದ ಹಾಗೆ ತಿರುಗ್ತದೆ” ಎಂದಿದ್ದ. ಪಕ್ಕದ ಖೋಲಿಯ ಮೋಹಿನಿಬಾಯಿ ಅದನ್ನು ನಂಬಿ, ತನ್ನ ಮಿಕ್ಸರ್ ಒಂದೇ ಕಡೆಗೆ ತಿರುಗುತ್ತದೆಂದು ತಂದುಕೊಟ್ಟಿದ್ದಳು.

ಈ ಜಯಶೀಲನ ತಂಗಿ ರಮಿತಾಳಿಗೆ ಐರೋಲಿಯ ಸೂರಜ್ ಎಂಬ ಹುಡುಗನ ಜೊತೆ ಮದುವೆ ನಿಶ್ಚಯವಾಯಿತು. ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ತಾಯಿ ದಮಯಂತಿ ಅಂದೇ ಹೇಳಿದಳು: “ಮದುವೆಗೆ ಮೊದಲ ಹೇಳಿಕೆ ನನ್ನ ಅಣ್ಣನಿಗೆ. ಅವ ಕೈ ಹಿಡಿದು ಕರ್ಕೊಂಡು ಬಾರದೆ ನನ್ನ ಮಗಳು ಮಂಟಪ ಹತ್ತುವುದಿಲ್ಲ.”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಕರಾವಳಿಯ ಅವರ ಕಡೆ ಮದುಮಗಳನ್ನು ಮಂಟಪಕ್ಕೆ ತರುವುದು ಸೋದರಮಾವ. ಕಷ್ಟವೆಂದರೆ, ಈ ಸೋದರಮಾವ ಚನಿಯ ನಾಲ್ಕು ವರ್ಷದಿಂದ ತಂಗಿಯ ಮನೆಯ ನೀರು ಮುಟ್ಟಿರಲಿಲ್ಲ. ಅದಕ್ಕೆ ಕಾರಣವೂ ಸಣ್ಣದಲ್ಲ. ಆ ಮನೆಯಲ್ಲಿ ಅವನ ಉತ್ತರಕ್ರಿಯೆ ಮುಗಿದುಹೋಗಿತ್ತು.

ಚನಿಯ ಮೂವತ್ತು ವರ್ಷ ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಅಡಿಗೆ ಮಾಡಿದವನು. ಮದುವೆಯಾಗಲಿಲ್ಲ. ಕೊರೊನಾ ವರ್ಷ ಅವರ ಕೆಲಸಗಾರರ ವಸತಿ ಕ್ಯಾಂಪಿನಲ್ಲಿ ಜ್ವರ ಹಬ್ಬಿತು. ಮೇಲಿನ ಮಂಚ ಹತ್ತಲಾರದ ಒಬ್ಬ ರೋಗಿಗೆ ಚನಿಯ ತನ್ನ ಕೆಳಗಿನ ಮಂಚ ಬಿಟ್ಟುಕೊಟ್ಟ. ಆ ಮನುಷ್ಯ ಅದೇ ಮಂಚದಲ್ಲಿ ತೀರಿಕೊಂಡ. ಚನಿಯನನ್ನು ಅಷ್ಟರಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಕ್ಯಾಂಪಿನವರು ಪಟ್ಟಿಯಲ್ಲಿ ಮಂಚದ ನಂಬರ್ ನೋಡಿ ಕಳವಾಕ್ಕೆ ಫೋನ್ ಮಾಡಿದರು. ದಮಯಂತಿ ಎದೆ ಬಡಿದುಕೊಂಡು ಅತ್ತಳು. ಹದಿಮೂರನೆಯ ದಿನ ಅಣ್ಣನ ಫೋಟೋಕ್ಕೆ ಹಾರ ಹಾಕಿ, ಎದುರಿಗೆ ಎಲೆ ಹಾಕಿ, ಅವನಿಗೆ ಇಷ್ಟವೆಂದು ಒಣಮೀನಿನ ಚಟ್ನಿಯನ್ನೂ ಬಡಿಸಿದಳು. ಬದುಕಿರುವವರಿಗೆ ಎಲೆ ಹಾಕುವಾಗ ತುದಿ ಎಡಕ್ಕಿರಬೇಕು. ಸತ್ತವರಿಗೆ ಹಾಕುವಾಗ ಬಲಕ್ಕೆ. ಅವಳು ಬಲಕ್ಕೇ ಹಾಕಿದಳು. ಯಾರೋ ಫೋಟೋ ತೆಗೆದು ಊರಿನವರ ವಾಟ್ಸಾಪ್ ಗುಂಪಿಗೆ ಬಿಟ್ಟರು. ಆ ಗುಂಪಿನಲ್ಲಿ ಚನಿಯನೂ ಇದ್ದ. ಆಸ್ಪತ್ರೆಯಿಂದ ಹೊರಬಂದು, ಫೋನ್ ಚಾರ್ಜಿಗಿಟ್ಟು, ಅವನು ನೋಡಿದ ಮೊದಲ ಚಿತ್ರ ಅದು.

ಬದುಕಿರುವ ಸುದ್ದಿ ಮೊದಲೇ ಮುಟ್ಟಿತ್ತು; ಮರುವರ್ಷ ಮಸ್ಕತ್ತಿನಿಂದ ಬಂದವನು ನೇರ ತಂಗಿಯ ಮನೆಗೇ ಬಂದ. ಅವಳು ಅಳುತ್ತಾ ನಗುತ್ತಾ ಅಡಿಗೆ ಮಾಡಿದಳು. ಬಟ್ಟಲಿಟ್ಟಳು. ಚನಿಯ ಗೋಡೆಯ ಕಡೆ ನೋಡಿದ. ಹಾರ ಹಾಕಿದ್ದ ಫೋಟೋ ಇಳಿಸಿದ್ದರು, ಮೊಳೆ ಹಾಗೇ ಇತ್ತು.

“ಈ ಮನೆಯಲ್ಲಿ ನನ್ನ ಊಟ ಆಗಿದೆ ದಮ್ಮು” ಎಂದು ಎದ್ದುಹೋದ.

ಆಮೇಲೆ ಡೊಂಬಿವಲಿಯಲ್ಲಿ ಒಂದು ಖೋಲಿ ಹಿಡಿದು, ಕಲ್ಯಾಣದ ಒಂದು ಹೋಟೆಲಿನಲ್ಲಿ ಇಡ್ಲಿ ಹಿಟ್ಟಿನ ಕೆಲಸಕ್ಕೆ ಸೇರಿಕೊಂಡ. ಮಸ್ಕತ್ತಿನಿಂದ ತಂದದ್ದೆಂದರೆ ಒಂದು ಕಂಬಳಿ, ಮಾಲೀಕ ಕೊಟ್ಟ ಒಂದು ಫೋನು. ಫೋನಿನ ತುಂಬ ಅರಬ್ಬಿ. ಚನಿಯನಿಗೆ ಅರಬ್ಬಿ ಓದಲು ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಹಸಿರು ಗುಂಡಿ ಎಲ್ಲಿದೆ, ಕೆಂಪು ಎಲ್ಲಿದೆ ಎಂದು ಜಾಗದ ಗುರುತಿನಿಂದಲೇ ನಡೆಸುತ್ತಿದ್ದ. ಆ ಒಂದೇ ಭೇಟಿಯ ದಿನ ಜಯಶೀಲ “ಕೊಡಿ ಮಾವ, ಕನ್ನಡ ಮಾಡಿಕೊಡ್ತೇನೆ” ಎಂದು ಕೈ ಚಾಚಿದಾಗ ಚನಿಯ ಫೋನನ್ನು ಅಂಗಿಯೊಳಗೆ ಹಾಕಿಕೊಂಡಿದ್ದ. “ಜಾಗ ತಪ್ಪಿಸಬೇಡ ಮಾರಾಯ. ಆಮೇಲೆ ನನಗೆ ಯಾರೂ ಸಿಗುವುದಿಲ್ಲ” ಎಂದಿದ್ದ.

ಮದುವೆಗೆ ಕರೆಯಲು ದಮಯಂತಿ ವೀಳ್ಯ, ಅಡಿಕೆ ಹಿಡಿದು ಎರಡು ಸಲ ಡೊಂಬಿವಲಿಗೆ ಹೋದಳು. ಎರಡು ಸಲವೂ ಹೊರಗೆ ಚಪ್ಪಲಿ ಇತ್ತು, ಬಾಗಿಲು ಮಾತ್ರ ತೆರೆಯಲಿಲ್ಲ. ವೀಳ್ಯ ಚಪ್ಪಲಿಯ ಪಕ್ಕದಲ್ಲಿಟ್ಟು ಬರುವುದು ಹೇಗೆಂದು ವಾಪಸ್ ತಂದಳು.

ಆಗ ಜಯಶೀಲನಿಗೆ ವಿದ್ಯೆ ತೋರಿಸುವ ಉಮೇದು ಬಂತು. “ಅಮ್ಮ, ಬಾಗಿಲು ಹಾಕಿದರೆ ಫೋನ್ ತೆರೆದಿರ್ತದೆ. ನಾನು ಒಂದು ಮದುವೆ ಪತ್ರಿಕೆ ಮಾಡ್ತೇನೆ. ಮಾವ ಅದನ್ನು ನೋಡಿ ಬಾರದಿದ್ದರೆ ಹೇಳು” ಎಂದ. ಆಫೀಸಿನಿಂದ ಒಂದು ಕಾರ್ಡಿನ ಕಾಂಪೊನೆಂಟನ್ನು ಯಾರಿಗೂ ಹೇಳದೆ ಮನೆಗೆ ತಂದ. ಅದರ ಮೇಲೆ ಒಂದು ಬಾಳೆಲೆ ಕೂರಿಸಿದ. ಮುಟ್ಟಿದರೆ ಎಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಪಲ್ಯ, ಅನ್ನ ಒಂದೊಂದಾಗಿ ಬಂದು ಬೀಳುತ್ತಿದ್ದವು. ಕೊನೆಗೆ ಮದುವೆಯ ದಿನ, ಮಾಜಿವಾಡಾದ ಮದುವೆ ಹಾಲ್‌ನ ವಿಳಾಸ. ಎಲೆಯ ನೆತ್ತಿಯ ಮೇಲೆ ಅತಿಥಿಯ ಹೆಸರು, ಒಬ್ಬೊಬ್ಬರಿಗೆ ಒಂದೊಂದು. ಮಾವನದ್ದರಲ್ಲಿ ಹೀಗಿತ್ತು: ‘ಚನಿಯ ಮಾವನಿಗೆ. ಈ ಎಲೆ ನಿಮ್ಮದು.’

ರಮಿತಾ ನೋಡಿ, “ದಾದಾ, ಮಸ್ತ್ ಹೈ. ಪಣ್ ಮಾಮಾ ಆಯೇಂಗೆ ನಾ?” ಎಂದು ಮಾವ ಬರುವ ಬಗ್ಗೆಯೇ ಕೇಳಿದಳು. ದಮಯಂತಿ ಎಲೆಯ ತುದಿ ಎಡಕ್ಕಿದೆಯೇ ಎಂದು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು. ಎಡಕ್ಕೇ ಇತ್ತು. ಜಯಶೀಲ ಕಳಿಸಿದ.

ಮರುದಿನ ಬೆಳಿಗ್ಗೆ ದಮಯಂತಿಯ ಫೋನ್ ಹೊಡೆದುಕೊಂಡಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅಣ್ಣನ ಹೆಸರು. ಅವಳು ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಎತ್ತಿದಳು.

“ದಮ್ಮು, ಎಲೆ ಬಂತು” ಎಂದ ಚನಿಯ. “ಈ ಸಲ ನನ್ನ ಹದಿಮೂರನೇ ದಿನ ಯಾವತ್ತು?”

ಅಷ್ಟೇ. ಫೋನ್ ಕಟ್ಟಾಯಿತು.

ಚಾಳಿಗೆ ಚಾಳೇ ಪತ್ರಿಕೆಯನ್ನು ತೆರೆದು ನೋಡಿತು. ಹದಿನಾರು ಫೋನುಗಳಲ್ಲಿ ಎಲೆಯ ತುದಿ ಎಡಕ್ಕಿತ್ತು. ಮೋಹಿನಿಬಾಯಿ ಫೋನನ್ನು ತಲೆಕೆಳಗು ಹಿಡಿದು ಒಂದು ಪ್ರಯತ್ನ ಮಾಡಿದಳು. ಆಗ ತುದಿ ಬಲಕ್ಕೇನೋ ಬಂತು, ಆದರೆ ಅನ್ನ ಮೇಲಕ್ಕೆ ಹೋಯಿತು. “ಅಗ ಬಾಯಿ, ಮಾಮಾ ಕೋ ಉಲ್ಟಾ ದಿಖ್ತಾ ಹೈ ಕ್ಯಾ?” ಎಂದಳು.

ಮಾವನಿಗೆ ಎಲ್ಲವೂ ತಿರುವುಮುರುವಾಗಿ ಕಾಣುತ್ತದೆಯೇ ಎಂಬ ಈ ಪ್ರಶ್ನೆಯನ್ನು ಕೊನೆಗೆ ಕೋಪರಿಯ ಕನ್ನಡ ಸಂಘದ ಕಾರ್ಯದರ್ಶಿ ಸಿದ್ರಾಮಣ್ಣನ ಮುಂದೆ ಇಟ್ಟರು. ಅವರು ವಿಜಯಪುರದ ಕಡೆಯವರು, ಕಳವಾ ಊರಿನ ರೈಲ್ವೆ ಕಾರ್ ಶೆಡ್ಡಿನಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದವರು. ರೈಲಿನ ಯಾವ ದೋಷವನ್ನೂ ದೂರದಿಂದಲೇ ಹೇಳುತ್ತಿದ್ದ ಅವರು ಮನುಷ್ಯರಿಗೂ ಅದೇ ಕ್ರಮ ಅನುಸರಿಸುತ್ತಿದ್ದರು.

“ಇದು ಕಣ್ಣಿನ ದೋಷ ಐತಿ ನೋಡ್ರಿ ಅಕ್ಕಾರ” ಎಂದರು. “ಪೊರಿ ಬಂದಿರ್ತೈತಿ. ಬರೋ ಐತವಾರ ಸಂಘದಾಗ ಕಣ್ಣಿನ ಶಿಬಿರ ಐತಿ. ಪುಕ್ಕಟೆ. ಕಣ್ಣ ತಗಸೋಣು, ಮನಸ್ಸು ತಾನ ಸರಿ ಆಗ್ತೈತಿ.”

“ಕಣ್ಣು ತೆಗೆಸುವುದಾ?” ಎಂದು ದಮಯಂತಿ ಗಾಬರಿಯಾದಳು.

“ಪೊರಿ, ಪೊರಿ ತಗಸೋದ್ರಿ.”

ಹೀಗೆ ಒಂದು ನಿಯೋಗ ಕಲ್ಯಾಣಕ್ಕೆ ಹೊರಟಿತು. ದಮಯಂತಿ, ಜಯಶೀಲ, ಶಿಬಿರದ ಕಾರ್ಡು ಹಿಡಿದ ಸಿದ್ರಾಮಣ್ಣ, ಯಾರೂ ಕರೆಯದ ಮೋಹಿನಿಬಾಯಿ. ಹೋಟೆಲಿನ ಹಿಂಬದಿಯಲ್ಲಿ ಗ್ರೈಂಡರ್ ತಿರುಗುತ್ತಿತ್ತು. ಚನಿಯ ಬನಿಯನ್ನಿನಲ್ಲಿ, ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ನಿಂತಿದ್ದ. ಬಂದವರನ್ನು ಒಂದು ಸಲ ಎಣಿಸಿದ.

“ಸರಿಯಾಗಿ ನಾಲ್ಕು ಜನ” ಎಂದ. “ಹೊರಲಿಕ್ಕೆ ಬಂದದ್ದಾ?”

ಸಿದ್ರಾಮಣ್ಣ ಗಂಟಲು ಸರಿಮಾಡಿಕೊಂಡರು. “ಯಜಮಾನ್ರ, ನಿಮ್ಮ ಕಣ್ಣಿನ ಬಗ್ಗೆ ಒಂದು ಸಣ್ಣ ಪರೀಕ್ಷಾ ಮಾಡೂಣು. ನಾ ಎತ್ತಿದ್ದು ಯಾವ ಕೈ, ಹೇಳ್ರಿ.”

“ನಿಮ್ಮ ಕಡೆಯಿಂದ ಹೇಳಬೇಕಾ, ನನ್ನ ಕಡೆಯಿಂದಲಾ?”

ಮೂವತ್ತೆಂಟು ವರ್ಷದ ರೈಲ್ವೆ ಸೇವೆಯಲ್ಲಿ ಸಿದ್ರಾಮಣ್ಣನಿಗೆ ಈ ಪ್ರಶ್ನೆ ಬಂದಿರಲಿಲ್ಲ. “ನಿಮ್ಮ ಕಡಿಂದ” ಎಂದರು.

“ಬಲಗಡೆಯ ಕೈ.”

“ತಪ್ಪು. ಇದು ಎಡಗೈ.”

“ಅದು ನಿಮ್ಮ ಕಡೆಯಿಂದ. ನೀವು ಕೇಳಿದ್ದು ನನ್ನ ಕಡೆಯದ್ದು.”

ಸಿದ್ರಾಮಣ್ಣ ತಮ್ಮ ಕೈಯನ್ನೇ ಅನುಮಾನದಿಂದ ನೋಡಿಕೊಂಡರು. ಜಯಶೀಲ ಗುಟ್ಟಾಗಿ ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದ. ಮೋಹಿನಿಬಾಯಿ ಖಚಿತ ಮಾಡಿಕೊಳ್ಳಲು ಚನಿಯನ ಪಕ್ಕ ಹೋಗಿ ನಿಂತು ನೋಡಿ, “ಬರೋಬರ್ ಹೈ” ಎಂದು ತೀರ್ಪು ಕೊಟ್ಟಳು. ಶಿಬಿರದ ಕಾರ್ಡು ಸಿದ್ರಾಮಣ್ಣನ ಕಿಸೆಗೆ ವಾಪಸ್ ಹೋಯಿತು.

ದಮಯಂತಿ ತನ್ನ ಫೋನು ಚಾಚಿದಳು. “ಅಣ್ಣ, ನೀನೇ ನೋಡು. ತುದಿ ಎಡಕ್ಕೇ ಉಂಟು. ಎಲ್ಲರದ್ದರಲ್ಲೂ ಎಡಕ್ಕೇ.”

ಚನಿಯನ ಫೋನು ಡೊಂಬಿವಲಿಯ ಖೋಲಿಯಲ್ಲಿತ್ತು. ಹಿಟ್ಟಿನ ಹತ್ತಿರ ಅದನ್ನು ಅವನು ತರುತ್ತಿರಲಿಲ್ಲ. ಅವನು ಬಾಗಿ ನಾಲ್ಕು ಫೋನುಗಳನ್ನೂ ಒಂದೊಂದಾಗಿ ನೋಡಿದ.

“ನಾಲ್ಕು ಜನಕ್ಕೆ ಬದುಕಿದವರ ಎಲೆ. ನನಗೆ ಒಬ್ಬನಿಗೆ ಮಾತ್ರ ಬೇರೆ. ಇದು ಕಣ್ಣಿನ ದೋಷ ಅಲ್ಲ ಮಾರಾಯ್ರೆ. ಕಳಿಸಿದವನ ಕೈಯದ್ದು.”

“ಅಣ್ಣ, ನಿನ್ನಾಣೆ, ನಾವು ಹಾಗೆ ಮಾಡಿದ್ದಲ್ಲ.”

“ನನ್ನ ಆಣೆ ಹಾಕಬೇಡ ದಮ್ಮು. ಸತ್ತವರ ಆಣೆ ನಡೆಯುವುದಿಲ್ಲ” ಎಂದು ಅವನು ಗ್ರೈಂಡರಿಗೆ ಒಂದು ಚೊಂಬು ನೀರು ಹಾಕಿದ.

ವಾಪಸ್ ಬರುವ ಲೋಕಲ್‌ನಲ್ಲಿ ದಮಯಂತಿ ಹೆಂಗಸರ ಡಬ್ಬಿಗೆ ಹೋಗಲಿಲ್ಲ. ಗಂಡಸರ ನಡುವೆಯೇ ಕಂಬಿ ಹಿಡಿದು ನಿಂತು, “ಎಲೆ ಬೇಡವಾಗಿತ್ತು. ಒಂದು ಕೊಡಪಾನದ ಚಿತ್ರ ಹಾಕಬಹುದಿತ್ತು” ಎಂದಳು.

ಸತ್ಯ ಹೊರಬಿದ್ದದ್ದು ಮಂಗಳವಾರ, ಆಫೀಸಿನಲ್ಲಿ. ಶಾರ್ಜಾದ ಒಬ್ಬ ಗಿರಾಕಿಯ ಅಂಗಡಿಯ ಫೋಟೋ ಅರಬ್ಬಿ ಪುಟದಲ್ಲಿ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿದೆ, ಬೋರ್ಡಿನ ಅಕ್ಷರಗಳೆಲ್ಲ ಹಿಂದುಮುಂದಾಗಿವೆ ಎಂದು ದೂರು ಬಂದಿತ್ತು. ಮಾಲೀಕ ಹಿತೇಶ್ ಜಯಶೀಲನ ಕುರ್ಚಿಯ ಹಿಂದೆ ಬಂದು ನಿಂತ. “ಜಯ್, ಅವನ ಅಂಗಡಿಗೆ ಗಿರಾಕಿ ಹಿಂಬಾಗಿಲಿನಿಂದ ಬರಬೇಕೇನು?” ಎಂದು ಹಿಂದಿಯಲ್ಲಿ ಕೇಳಿದ.

ದಿಶಾ ಕಾರ್ಡಿನ ಕಾಂಪೊನೆಂಟನ್ನು ತೆರೆದು ನೋಡಿ ನಿಟ್ಟುಸಿರಿಟ್ಟಳು. “ನೀವು ಬಾಣ ತಿರುಗಿಸಿ ಅಂದರೆ ಎಲ್ಲ ಚಿತ್ರವನ್ನೂ ತಿರುಗಿಸಿದ್ದೀರಿ. ಫೋನು ಅರಬ್ಬಿಯಲ್ಲಿದ್ದರೆ ಈ ಕಾರ್ಡಿನೊಳಗೆ ಇರುವ ಚಿತ್ರವೆಲ್ಲ ಮಗುಚುತ್ತದೆ. ನೋಡಿ” ಎಂದು ಪರೀಕ್ಷೆಗಾಗಿ ಅರಬ್ಬಿ ಹಾಕಿಟ್ಟಿದ್ದ ಫೋನನ್ನು ಮುಂದೆ ಹಿಡಿದಳು.

ಜಯಶೀಲ ಅಂಗಡಿಯನ್ನು ನೋಡಲಿಲ್ಲ. ಆ ಫೋನನ್ನು ಕೈಯಿಂದ ಕಸಿದು, ತಂಗಿಯ ಮದುವೆಯ ಪತ್ರಿಕೆಯನ್ನು ಅದರಲ್ಲಿ ತೆರೆದ. ಎಲೆ ಬಿಚ್ಚಿಕೊಂಡಿತು. ಉಪ್ಪು ಬಲಗಡೆ ಬಿತ್ತು. ಅವನು ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು ನೋಡಿಕೊಂಡ. ತುದಿಯೂ ಅದೇ ಕಡೆಗಿತ್ತು. ಎಲೆಯ ನೆತ್ತಿಯ ಮೇಲೆ ಬರೆದಿತ್ತು: ‘ಚನಿಯ ಮಾವನಿಗೆ. ಈ ಎಲೆ ನಿಮ್ಮದು.’

ಅವನು ಫೋನನ್ನು ಹಣೆಗೆ ಒತ್ತಿಕೊಂಡ. ಹಿತೇಶ್ ಗಿರಾಕಿಯ ನಷ್ಟಕ್ಕೆ ಇವನು ಇಷ್ಟು ನೊಂದನೆಂದು ತಿಳಿದು, “ಹೋಗಲಿ ಬಿಡು” ಎಂದು ಬೆನ್ನು ತಟ್ಟಿ ಹೋದ.

ಸರಿಪಡಿಸಲು ಬೇಕಾದದ್ದು ಒಂದು ಸಾಲು. ನಾಲ್ಕು ನಿಮಿಷ ಹಿಡಿಯಿತು. ದಿಶಾ ಎದ್ದು ಗೋಡೆಯ ಪಟ್ಟಿಯಲ್ಲಿ ಎಂಟನೆಯದಾಗಿ ‘ಫೋಟೋ’ ಎಂದು ಬರೆದಳು. “ಬಾಳೆಲೆ ಅಂತಲೂ ಬರಿ” ಎಂದ ಜಯಶೀಲ. ಅದು ಯಾವ ಗಿರಾಕಿಯದೆಂದು ಅವಳು ಕೇಳಿದಳು. ಅವನು ಹೇಳಲಿಲ್ಲ. ಅವಳು ಬರೆದಳು.

ಅಂದೇ ಸಂಜೆ ಅವನು ಡೊಂಬಿವಲಿಗೆ ಓಡಿದ. ಆದರೆ ಓಡುವ ಮೊದಲು, ಠಾಣೆ ಸ್ಟೇಷನ್ನಿನಲ್ಲಿ ನಿಂತು ಪತ್ರಿಕೆಯನ್ನು ಮಾವನಿಗೆ ಮತ್ತೊಮ್ಮೆ ಕಳಿಸಿ, ‘ಈಗ ನೋಡಿ ಮಾವ, ಸರಿ ಆಗಿದೆ’ ಎಂಬ ಮಾತನ್ನೂ ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸಿದ. ಬುದ್ಧಿವಂತಿಕೆ ಅವನಿಗೆ ಯಾವಾಗಲೂ ಒಂದು ಸ್ಟೇಷನ್ ಮೊದಲೇ ಇಳಿದುಬಿಡುತ್ತಿತ್ತು.

ಈ ಸಲ ಬಾಗಿಲು ತೆರೆದಿತ್ತು. ಚನಿಯ ಮಂಚದ ಮೇಲೆ ಕೂತಿದ್ದ, ಫೋನು ತೊಡೆಯ ಮೇಲಿತ್ತು.

“ನಾನು ನೋಡಿದೆ ಅಂತ ಗೊತ್ತಾದ ಮೇಲೆ ತಿರುಗಿಸಿದಿ” ಎಂದ.

“ಅಲ್ಲ ಮಾವ, ಕೇಳಿ. ಅರಬ್ಬಿ ಬಲದಿಂದ ಎಡಕ್ಕೆ. ನಿಮ್ಮ ಫೋನು ಅರಬ್ಬಿ. ಆದ್ದರಿಂದ ನಿಮ್ಮ ಎಲೆಯೂ ಬಲದಿಂದ ಎಡಕ್ಕೆ.”

“ಮೂವತ್ತು ವರ್ಷ ಅರಬರಿಗೆ ಬಡಿಸಿದ್ದೇನೆ. ಅವರೂ ಬಲಗೈಯಲ್ಲೇ ಉಣ್ಣುವುದು.”

“ಊಟ ಅಲ್ಲ ಮಾವ, ಓದುವುದು.”

“ಎಲೆಯನ್ನು ಯಾರು ಓದ್ತಾರೆ?”

ಜಯಶೀಲ ಬೆವರು ಒರೆಸಿಕೊಂಡ. ಕಾರ್ಡಿನ ಕತೆ, ಬಾಗಿಲು ಹಾಕಿದ ತುಂಡುಗಳ ಕತೆ, ಗೋಡೆಯ ಪಟ್ಟಿಯ ಕತೆ, ಎಲ್ಲವನ್ನೂ ಹೇಳಿದ. ಚನಿಯ ತಾಳ್ಮೆಯಿಂದ ಕೇಳಿದ. ಹಿಟ್ಟು ಹುದುಗುವುದನ್ನು ಕಾಯುವವನ ತಾಳ್ಮೆ ಅದು.

“ಹಾಗಾದರೆ ಅವತ್ತು ಎಲೆ ತಿರುಗಿಸಿದ್ದು ನೀನಲ್ಲ, ಫೋನು?”

“ಹೌದು ಮಾವ.”

“ಇವತ್ತು ಸರಿ ಮಾಡಿದ್ದು?”

“ನಾನು.”

“ತಪ್ಪು ಮಾಡುವಾಗ ಫೋನು. ಸರಿ ಮಾಡುವಾಗ ನೀನು” ಎಂದ ಚನಿಯ. “ಕ್ಯಾಂಪಿನಲ್ಲಿ ಸಹ ಹಾಗೇ ಹೇಳಿದ್ರು. ತಪ್ಪು ಮಂಚದ್ದು ಅಂತ.” ಆಮೇಲೆ ಫೋನಿನ ಪರದೆಯನ್ನು ಹೆಬ್ಬೆರಳಿನಿಂದ ಒರೆಸಿದ. “ಜಯ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಮೂವತ್ತು ವರ್ಷ ನಾನು ಒಂದು ಫೋಟೋ ಆಗಿದ್ದೆ ನಿಮಗೆ. ಫೋಟೋಕ್ಕೆ ಹಾರ ಹಾಕಲಿಕ್ಕೆ ಏನು ಕಷ್ಟ? ಯಾರೋ ಒಂದು ಫೋನು ಮಾಡಿದ್ರು, ನೀವು ನಂಬಿದ್ರಿ. ಯಾರೂ ಇನ್ನೊಂದು ಸಲ ಕೇಳಲಿಲ್ಲ. ನನಗೆ ಮನಸ್ಸಿನಲ್ಲಿ ಉಳಿದದ್ದು ಅದೊಂದೇ.”

ಜಯಶೀಲನ ಹತ್ತಿರ ಇದಕ್ಕೆ ಒಂದು ಸಾಲಿನ ಪರಿಹಾರ ಇರಲಿಲ್ಲ. ಮದುವೆಗೆ ಬರುತ್ತೀರಾ ಎಂದು ಕೇಳುವ ಧೈರ್ಯವೂ ಆಗಲಿಲ್ಲ. ಎದ್ದು ಹೊರಟ.

ಮದುವೆಯ ದಿನ ಮಾಜಿವಾಡಾದ ಮದುವೆ ಹಾಲ್‌ನಲ್ಲಿ ಪುರೋಹಿತರು ಎರಡು ಸಲ ಗಡಿಯಾರ ನೋಡಿ, ಮೂರನೆಯ ಸಲ ಜಯಶೀಲನನ್ನು ನೋಡಿದರು. “ಸೋದರಮಾವ ಎಲ್ಲಿ?” ಐರೋಲಿಯ ಬೀಗರು ತಮ್ಮತಮ್ಮಲ್ಲೇ ಗುಸುಗುಸು ಮಾಡಿದರು. ಸಿದ್ರಾಮಣ್ಣ ಮುಂದೆ ಬಂದು, “ಅಡ್ಡಿ ಇಲ್ಲ ಅಂದ್ರ ಸಂಘದ ವತಿಯಿಂದ ನಾನ ಕೈ ಹಿಡೀತೀನಿ” ಎಂದರು. ದಮಯಂತಿ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ರಮಿತಾ ಮಂಟಪದ ಮೆಟ್ಟಿಲ ಕೆಳಗೆ ನಿಂತೇ ಇದ್ದಳು. ಕೂರು ಎಂದರೂ ಕೂರಲಿಲ್ಲ. “ಮಾಮಾ ಆಯೇಂಗೆ” ಎಂದಳು.

ಚನಿಯ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ. ಯಾರ ಜೊತೆಯೂ ಮಾತಾಡದೆ, ನೇರ ಹೋಗಿ ರಮಿತಾಳ ಕೈ ಹಿಡಿದು ಮಂಟಪಕ್ಕೆ ಹತ್ತಿಸಿದ. ಅವಳು ಅತ್ತಳು. ಅವನು ಧಾರೆ ಮುಗಿಯುವವರೆಗೆ ಕಂಬದಂತೆ ನಿಂತಿದ್ದ. ಇಡೀ ಸಭೆ ನಿಟ್ಟುಸಿರು ಬಿಟ್ಟಿತು. ಎಲ್ಲರಿಗೂ ಎಲ್ಲವೂ ಸರಿಹೋಯಿತೆಂದು ಅನಿಸಿತು. ಹಾಗೆ ಅನಿಸಿದಾಗಲೇ ಊಟಕ್ಕೆ ಕರೆ ಬಂತು.

ಮೊದಲ ಸಾಲಿನ ಮೊದಲ ಎಲೆಯನ್ನು ಜಯಶೀಲ ಬೇರೆಯವರಿಗೆ ಹಾಕಲು ಬಿಡಲಿಲ್ಲ. ತಾನೇ ತೊಳೆದು, ಮೇಜಿನ ಮೇಲೆ ಹಾಸಿ, ಬೆರಳು ಕೂಡಿಸಿ ಬಾಯಿಗೆ ತಂದು, ಎಡ ಯಾವುದೆಂದು ನಿಶ್ಚಯಿಸಿಕೊಂಡು, ತುದಿಯನ್ನು ಎಡಕ್ಕೆ ಇಟ್ಟ. ಮೂರು ಸಲ ಪರೀಕ್ಷಿಸಿದ. ಆಮೇಲೆ “ಬನ್ನಿ ಮಾವ” ಎಂದ.

ಚನಿಯ ಕೂತ. ಎಲೆಯನ್ನು ನೋಡಿದ. ಎರಡು ಕೈಯಿಂದ ಅದನ್ನು ಮೆಲ್ಲಗೆ ಎತ್ತಿ, ತುದಿ ಬಲಕ್ಕೆ ಬರುವಂತೆ ತಿರುಗಿಸಿಟ್ಟುಕೊಂಡ. ಅದರ ಮೇಲೆ ನೀರು ಚಿಮುಕಿಸಿ ಕೈ ಒರೆಸಿದ.

ಉಪ್ಪಿನ ಬಟ್ಟಲು ಹಿಡಿದು ಬಂದ ಬಡಿಸುವವನು ನಿಂತುಬಿಟ್ಟ. ಅವನ ಹಿಂದೆ ಪಲ್ಯದವನು, ಅವನ ಹಿಂದೆ ಕೋಸಂಬರಿಯವನು. ಇದು ಈ ಕಡೆಯ ಪದ್ಧತಿಯಿರಬೇಕೆಂದು ತಿಳಿದ ವರನ ಮೂವರು ಗೆಳೆಯರು ಗೌರವದಿಂದ ತಮ್ಮ ಎಲೆಗಳನ್ನೂ ಬಲಕ್ಕೆ ತಿರುಗಿಸಿಕೊಂಡರು. ಸಿದ್ರಾಮಣ್ಣ ಓಡಿಹೋಗಿ, “ನೀವಲ್ಲೋ, ನೀವು ಇನ್ನೂ ಬದುಕೀರಿ” ಎಂದು ಒಂದೊಂದನ್ನೇ ಸರಿಮಾಡಿದರು.

“ಮಾವ, ಇವತ್ತಾದರೂ” ಎಂದ ಜಯಶೀಲ.

“ಬಡಿಸು” ಎಂದ ಚನಿಯ. “ಈ ಮನೆಯಲ್ಲಿ ನನ್ನ ಎಲೆ ಹೀಗೇ ಇರುವುದು. ನಾನು ಸಿಟ್ಟಿನಲ್ಲಿ ಹೇಳುವುದಲ್ಲ. ಬೇರೆಯವರ ಎಲೆಯಲ್ಲಿ ಕೂತ ಹಾಗೆ ಆಗ್ತದೆ ನನಗೆ.”

ಯಾರೂ ಬಡಿಸಲಿಲ್ಲ.

ಆಗ ದಮಯಂತಿ ಬಂದಳು. ಮಗಳ ಮದುವೆಯ ಸೀರೆ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಅವಳು ಅಣ್ಣನ ಪಕ್ಕಕ್ಕೆ ಹೋಗಲಿಲ್ಲ. ಬಡಿಸುವವರು ಓಡಾಡುವ ದಾರಿಯಲ್ಲಿ, ಮೇಜಿನ ಆಚೆ ಬದಿಗೆ, ಅವನ ಎದುರಿಗೆ ಕುರ್ಚಿ ಹಾಕಿ ಕೂತಳು. ಸಾಂಬಾರಿನ ಬಕೆಟ್ಟು ಹಿಡಿದವನು ಹಿಂದಕ್ಕೆ ಸರಿಯಬೇಕಾಯಿತು. ಅವಳು ಎಲೆಯನ್ನು ಒಂದು ಗಳಿಗೆ ನೋಡಿದಳು.

“ಈ ಕಡೆಯಿಂದ ಸರಿ ಉಂಟು” ಎಂದಳು. “ಬಡಿಸಿ.”

ಬಡಿಸಿದರು. ಎಲೆಯ ನಡುವೆ ಅನ್ನ ಬಿತ್ತು. ದಮಯಂತಿ ತನ್ನ ಕಡೆಯಿಂದ ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡಳು. ಚನಿಯ ಅವಳ ಕೈಯನ್ನೇ ನೋಡಿದ. ಚಿಕ್ಕಂದಿನಲ್ಲಿ ಒಂದೇ ಬಟ್ಟಲಿನಲ್ಲಿ ಗಂಜಿ ಕುಡಿಯುವಾಗ ಅವಳು ಯಾವಾಗಲೂ ಅವನ ಕಡೆಯ ಚಟ್ನಿಗೆ ಕೈ ಹಾಕುತ್ತಿದ್ದಳು. ಈಗಲೂ ಹಾಕಿದಳು. ಅವನು ಚಟ್ನಿಯನ್ನು ಸ್ವಲ್ಪ ಅವಳ ಕಡೆಗೆ ಸರಿಸಿ, ತಾನೂ ಉಣ್ಣತೊಡಗಿದ.

ಸಾರು ಬಂತು, ಪಾಯಸ ಬಂತು. ಬೀಗರು ಇವರನ್ನು ನೋಡದವರಂತೆ ನೋಡುತ್ತಾ ಉಂಡರು. ಮೋಹಿನಿಬಾಯಿ ಮೂಗು ಒರೆಸಿಕೊಂಡು, ಸಾರಿನ ಖಾರವೆಂದು ಪಕ್ಕದವರಿಗೆ ತಿಳಿಸಿದಳು.

ಪಾಯಸ ಮುಗಿದ ಮೇಲೆ ಚನಿಯ ಎದ್ದ. “ದಮ್ಮು” ಎಂದ, “ನಾನು ಸತ್ತ ಮೇಲೆ ಮತ್ತೆ ಎಲೆ ಹಾಕಬೇಡ. ಎರಡು ಸಲ ಆಯಿತು. ಅಷ್ಟು ಉಂಡದ್ದು ಸಾಕು.”

“ಎರಡನೇ ಸಲದ್ದರಲ್ಲಿ ಅರ್ಧ ನಾನು ಉಂಡೆ” ಎಂದಳು ದಮಯಂತಿ.

ಅವನು ನಕ್ಕನೋ ಇಲ್ಲವೋ, ಜಯಶೀಲನಿಗೆ ಕಾಣಿಸಲಿಲ್ಲ. ಕೈ ತೊಳೆದು, ರಮಿತಾಳ ತಲೆಯ ಮೇಲೆ ಕೈಯಿಟ್ಟು, ನಾಳೆ ಹಿಟ್ಟಿಗೆ ಅಕ್ಕಿ ನೆನೆಹಾಕಬೇಕೆಂದು ಹೇಳಿ ಚನಿಯ ಹೊರಟುಹೋದ. ಕಳವಾ ಮನೆಗೆ ಬಾ ಎಂದು ಯಾರೂ ಕರೆಯಲಿಲ್ಲ. ಬರುತ್ತೇನೆಂದು ಅವನೂ ಹೇಳಲಿಲ್ಲ.

ಎಲೆ ಮೇಜಿನ ಮೇಲೆ ಉಳಿಯಿತು. ಉಂಡವರು ಎಲೆಯನ್ನು ತಮ್ಮ ಕಡೆಗೆ ಮಡಚಿ ಏಳಬೇಕು. ಸಾವಿನ ಊಟವಾದರೆ ಆಚೆಗೆ. ಚನಿಯ ಮಡಚಿರಲಿಲ್ಲ. ದಮಯಂತಿಯೂ ಮಡಚಲಿಲ್ಲ, ಅವಳು ಕೈ ತೊಳೆಯದೆ ಹಾಗೇ ಕೂತು ಬಾಗಿಲನ್ನು ನೋಡುತ್ತಿದ್ದಳು. ಎರಡನೆಯ ಪಂಕ್ತಿಯವರು ಕುರ್ಚಿಯ ಹಿಂದೆ ಬಂದು ನಿಂತರು. ಅವಳ ಕಡೆಗೆ ಮಡಚಿದರೆ ಅದು ಮಾವನಿಗೆ ಆಚೆ, ಮಾವನ ಕಡೆಗೆ ಮಡಚಿದರೆ ಅಮ್ಮನಿಗೆ ಆಚೆ. ಜಯಶೀಲ ಬೆರಳು ಕೂಡಿಸಿ ಬಾಯಿಯವರೆಗೆ ತಂದ. ಅದರಿಂದ ಏನೂ ತಿಳಿಯಲಿಲ್ಲ.

ಕೊನೆಗೆ ಅವನು ಎಲೆಯನ್ನು ಮಡಚದೆ, ಬಿಚ್ಚಿದ್ದ ಹಾಗೆಯೇ, ಎರಡು ಅಂಗೈಗಳ ಮೇಲೆ ಎತ್ತಿಕೊಂಡು ಜನರ ನಡುವೆ ನಡೆದ. ಸಾರು, ಪಾಯಸ ಎರಡೂ ಹೊಸ ರೇಷ್ಮೆ ಅಂಗಿಯ ತೋಳಿನೊಳಗೆ ಮೊಣಕೈವರೆಗೆ ಇಳಿದವು. ಯಾವ ತೋಳು ಎಂದು ಅವನು ನೋಡಿಕೊಳ್ಳಲಿಲ್ಲ.